ಅಕ್ಕ ಪುಸ್ತಕ ಬಿಡುವುದಿಲ್ಲ, ತಮ್ಮ ಕುಳಿತುಕೊಳ್ಳುವುದಿಲ್ಲ: ಇಬ್ಬರಿಗೂ ಮನೆಯಲ್ಲೇ ಪಾಠ ಹೇಗೆ?

ಪ್ರಶ್ನೆ: ನಾವು ಎರಡು ವರ್ಷಗಳ ಹಿಂದೆ ಬೆಂಗಳೂರಿನಿಂದ ಶಿರಸಿ ತಾಲೂಕಿನ ನಮ್ಮ ಊರಿಗೆ ಮರಳಿದೆವು. ಪತಿ ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುತ್ತ ಅಡಿಕೆ ತೋಟವನ್ನೂ ನೋಡಿಕೊಳ್ಳುತ್ತಾರೆ. ಎಂಟು ವರ್ಷದ ಮಗಳಿಗೂ ಆರು ವರ್ಷದ ಮಗನಿಗೂ ಕಳೆದ ಜೂನ್‌ನಿಂದ ನಾನೇ ಮನೆಯಲ್ಲಿ ಪಾಠ ಮಾಡುತ್ತಿದ್ದೇನೆ. ಮಗಳು ಪುಸ್ತಕ ಹಿಡಿದರೆ ಗಂಟೆಗಟ್ಟಲೆ ಏಳುವುದಿಲ್ಲ. ಮಗ ಹತ್ತು ನಿಮಿಷವೂ ಕುಳಿತುಕೊಳ್ಳುವುದಿಲ್ಲ. ಅಕ್ಷರಮಾಲೆಯನ್ನು ಪೂರ್ತಿ ಹೇಳುತ್ತಾನೆ, ಆದರೆ ಒಂದು ಪದ ಓದಲು ಬರುವುದಿಲ್ಲ. ಅಂತರಜಾಲದಲ್ಲಿ ಸಿಕ್ಕ ಪ್ರಶ್ನಾವಳಿಯೊಂದನ್ನು ತುಂಬಿದಾಗ ಮಗಳು ‘ನೋಡಿ ಕಲಿಯುವವಳು’, ಮಗ ‘ಮಾಡಿ ಕಲಿಯುವವನು’ ಎಂಬ ಫಲಿತಾಂಶ ಬಂತು. ಇಬ್ಬರಿಗೂ ಬೇರೆ ಬೇರೆ ಪಾಠಕ್ರಮ, ಬೇರೆ ಬೇರೆ ಸಾಮಗ್ರಿ ತರಿಸಬೇಕೇ? ಮುಂದೆ ಶಾಲೆಗೆ ಸೇರಿಸುವಾಗ ತೊಂದರೆಯಾಗುವುದೇ?

ಉತ್ತರ: ಬೇರೆ ಬೇರೆ ಪಾಠಕ್ರಮ ಬೇಡ; ಸಾಮಗ್ರಿಗೆಂದು ತೆಗೆದಿಟ್ಟ ಹಣವನ್ನು ಸದ್ಯ ಹಾಗೆಯೇ ಇಟ್ಟುಕೊಳ್ಳಿ. ನಿಮ್ಮ ಇಬ್ಬರು ಮಕ್ಕಳ ನಡುವೆ ವ್ಯತ್ಯಾಸವೇ ಇಲ್ಲ ಎಂಬ ಅರ್ಥದಲ್ಲಿ ಹೀಗೆ ಹೇಳುತ್ತಿಲ್ಲ. ವ್ಯತ್ಯಾಸ ಇದೆ, ಅದನ್ನು ದಿನವೂ ಹತ್ತಿರದಿಂದ ನೋಡುತ್ತಿರುವವರು ನೀವು. ಆದರೆ ಆ ಪ್ರಶ್ನಾವಳಿ ಅದಕ್ಕೆ ಕೊಟ್ಟ ಹೆಸರು ಸರಿಯಲ್ಲ, ಮತ್ತು ತಪ್ಪು ಹೆಸರು ಹಿಡಿದು ಹೊರಟರೆ ಮಗು ನಿಜವಾಗಿ ಎಲ್ಲಿ ತಡವರಿಸುತ್ತಿದೆ ಎಂಬುದು ಕಣ್ಣಿಗೆ ಬೀಳದೆ ಹೋಗುತ್ತದೆ.

ನೋಡಿ ಕಲಿಯುವವರು, ಕೇಳಿ ಕಲಿಯುವವರು, ಓದಿ-ಬರೆದು ಕಲಿಯುವವರು, ಮಾಡಿ ಕಲಿಯುವವರು ಎಂಬ ನಾಲ್ಕು ಗುಂಪುಗಳ ವಿಂಗಡಣೆಯನ್ನು ಜನಪ್ರಿಯಗೊಳಿಸಿದವರು ನ್ಯೂಜಿಲೆಂಡಿನ ಶಿಕ್ಷಣತಜ್ಞ ನೀಲ್ ಫ್ಲೆಮಿಂಗ್. ‘ವಾರ್ಕ್’ ಎಂದು ಕರೆಯಲಾಗುವ ಈ ಪದ್ಧತಿಯ ಕುರಿತು ಅವರು ಸಹಲೇಖಕರೊಂದಿಗೆ ಬರೆದ ಲೇಖನ 1992ರದು. ಈ ಬಗೆಯ ಪ್ರಶ್ನಾವಳಿಗಳು ಅಳೆಯುವುದು ಮಗುವಿಗೆ ಯಾವುದು ಇಷ್ಟ ಎಂಬುದನ್ನು. ಯಾವುದರಿಂದ ಮಗು ಹೆಚ್ಚು ಕಲಿಯುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಬೇಕಾದರೆ, ‘ನೋಡುವ’ ಮಕ್ಕಳಲ್ಲಿ ಅರ್ಧ ಮಂದಿಗೆ ಚಿತ್ರದಿಂದಲೂ ಉಳಿದರ್ಧಕ್ಕೆ ಮಾತಿನಿಂದಲೂ ಪಾಠ ಹೇಳಿ, ‘ಕೇಳುವ’ ಮಕ್ಕಳಿಗೂ ಹಾಗೆಯೇ ಎರಡು ಪಾಲು ಮಾಡಿ, ಕೊನೆಗೆ ಎಲ್ಲರಿಗೂ ಒಂದೇ ಪರೀಕ್ಷೆ ಕೊಟ್ಟು, ತಮ್ಮ ಶೈಲಿಗೆ ಹೊಂದುವ ಪಾಠ ಸಿಕ್ಕವರು ನಿಜವಾಗಿಯೂ ಮುಂದೆ ಬಂದರೇ ಎಂದು ನೋಡಬೇಕಾಗುತ್ತದೆ. ಹೆರಾಲ್ಡ್ ಪ್ಯಾಶ್ಲರ್ ಮತ್ತು ಇನ್ನು ಮೂವರು ಮನೋವಿಜ್ಞಾನಿಗಳು ಅಲ್ಲಿಯವರೆಗಿನ ಸಂಶೋಧನೆಗಳನ್ನೆಲ್ಲ ಜಾಲಾಡಿ 2008ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ಹೀಗೆ ಸರಿಯಾಗಿ ನಡೆಸಿದ ಪ್ರಯೋಗಗಳೇ ಬಹಳ ಕಡಿಮೆ ಇವೆಯೆಂದೂ, ಶೈಲಿಗೆ ತಕ್ಕಂತೆ ಪಾಠವನ್ನು ಬದಲಿಸಬೇಕು ಎನ್ನಲು ಸಾಕಷ್ಟು ಆಧಾರವಿಲ್ಲವೆಂದೂ ಹೇಳಿದರು. ಅಮೆರಿಕದ ಮನೋವಿಜ್ಞಾನಿ ಹೋವರ್ಡ್ ಗಾರ್ಡ್ನರ್ 1983ರಲ್ಲಿ ಮುಂದಿಟ್ಟ, ಬುದ್ಧಿ ಒಂದೇ ಅಲ್ಲ, ಹಲವು ಬಗೆಯದು ಎಂಬ ಬಹುವಿಧ ಬುದ್ಧಿಮತ್ತೆಯ ವಾದವನ್ನೂ ಇದರೊಂದಿಗೆ ಕಲಸುವವರಿದ್ದಾರೆ. ಅದು ಬೇರೆ, ಇದು ಬೇರೆ ಎಂದು ಗಾರ್ಡ್ನರ್ ಅವರೇ ಸ್ಪಷ್ಟಪಡಿಸಿದ್ದಾರೆ.

ಹಾಗಾದರೆ ಯಾವುದನ್ನು ಹೇಗೆ ಕಲಿಸಬೇಕು ಎಂಬುದನ್ನು ತೀರ್ಮಾನಿಸುವುದು ಯಾವುದು? ಬಹುಮಟ್ಟಿಗೆ, ಕಲಿಯಬೇಕಾದ ವಿಷಯವೇ. ಯಕ್ಷಗಾನದ ತಾಳವನ್ನು ಪುಸ್ತಕದ ಚಿತ್ರದಿಂದ ಯಾರೂ ಕಲಿಯಲಾರರು. ಕೇಳಬೇಕು, ಕೈಯಲ್ಲಿ ತಟ್ಟಬೇಕು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಯಾವ ಕ್ರಮದಲ್ಲಿ ಕಡಲು ಸೇರುತ್ತವೆ ಎಂಬುದು ಎಷ್ಟೇ ಕೇಳಿದರೂ, ನಕ್ಷೆಯ ಮೇಲೆ ಕಾರವಾರದಿಂದ ಹೊನ್ನಾವರದವರೆಗೆ ಬೆರಳಾಡಿಸಿದಾಗ ನಿಲ್ಲುವಷ್ಟು ಗಟ್ಟಿಯಾಗಿ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವುದನ್ನು ದೊಡ್ಡವರು ಕಲಿತದ್ದು ಪಕ್ಕದಲ್ಲಿ ಕುಳಿತು ನೋಡಿ, ಆಮೇಲೆ ಮಾಡಿ. ಅಕ್ಷರವನ್ನಂತೂ ಪ್ರತಿಯೊಂದು ಮಗುವೂ ನೋಡಲೇಬೇಕು, ಕೇಳಲೇಬೇಕು, ಬರೆಯಲೇಬೇಕು. ಇವುಗಳಲ್ಲಿ ಒಂದನ್ನು ಈ ಮಗುವಿಗೂ ಇನ್ನೊಂದನ್ನು ಆ ಮಗುವಿಗೂ ಹಂಚಿಕೊಡಲು ಬರುವುದಿಲ್ಲ.

ಇದನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬಹಳ ವರ್ಷಗಳ ಹಿಂದೆ ಕಾರವಾರದ ಕಡೆ ಕಡಲದಂಡೆಯ ಶಾಲೆಯೊಂದರಲ್ಲಿ ಎರಡನೇ ತರಗತಿಗೆ ಪಾಠ ಮಾಡುತ್ತಿದ್ದಾಗ, ಮನೆಯಲ್ಲಿ ಕೊಂಕಣಿ ಮಾತನಾಡುವ ಮೀನುಗಾರ ಕುಟುಂಬದ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ. ನಾನು ಹೇಳಿದ ಕತೆಯನ್ನು ಒಂದು ಮಾತೂ ತಪ್ಪದೆ ಒಪ್ಪಿಸುತ್ತಿದ್ದ, ಆದರೆ ಹಲಗೆಯ ಮೇಲಿನದನ್ನು ಬರೆದುಕೊಳ್ಳಲು ಹೇಳಿದರೆ ಪಕ್ಕದವನ ಪಾಟಿ ನೋಡುತ್ತಿದ್ದ. ಇವನು ಕೇಳಿ ಕಲಿಯುವ ಹುಡುಗ ಎಂದು ನಾನು ತೀರ್ಮಾನಿಸಿದೆ, ಆರು ತಿಂಗಳು ಎಲ್ಲವನ್ನೂ ಬಾಯಿಮಾತಿನಲ್ಲೇ ಕಲಿಸಿದೆ. ಅವನೂ ಖುಷಿಯಲ್ಲಿದ್ದ, ನನಗೂ ಸಮಾಧಾನವಿತ್ತು. ಕೊನೆಗೆ ಕಣ್ಣಿನ ತಪಾಸಣೆಯ ಶಿಬಿರವೊಂದರಲ್ಲಿ ಅವನಿಗೆ ದೂರದ್ದು ಕಾಣಿಸುವುದಿಲ್ಲ ಎಂದು ತಿಳಿಯಿತು. ಕನ್ನಡಕ ಬಂದ ದಿನ ಅವನು ಶಾಲೆಯ ಜಗಲಿಯಲ್ಲಿ ನಿಂತು, ಮರಳಿನ ಮೇಲೆ ಎಳೆದಿಟ್ಟ ದೋಣಿಗಳ ಬದಿಯಲ್ಲಿ ಬರೆದ ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದ. ಓದು ಕಲಿಯಬೇಕಾಗಿದ್ದ ಆರು ತಿಂಗಳನ್ನು ನಾನು ಕೊಟ್ಟ ಒಂದು ಹೆಸರು ಅವನಿಂದ ಕಸಿದುಕೊಂಡಿತ್ತು, ಮತ್ತು ಆ ಬೇಸರ ನನ್ನಿಂದ ಇನ್ನೂ ಹೋಗಿಲ್ಲ.

ಆದ್ದರಿಂದ ನೀವು ಮೊದಲು ಮಾಡಬೇಕಾದ ಕೆಲಸ, ಇಬ್ಬರು ಮಕ್ಕಳ ಕಣ್ಣು ಮತ್ತು ಕಿವಿಯ ತಪಾಸಣೆ. ಸರ್ಕಾರಿ ಶಾಲೆ, ಅಂಗನವಾಡಿಗಳ ಮಕ್ಕಳನ್ನು 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯಕೀಯ ತಂಡಗಳು ಅಲ್ಲಿಗೇ ಬಂದು ನೋಡುತ್ತವೆ. ಮನೆಯಲ್ಲಿ ಕಲಿಯುವ ಮಕ್ಕಳಿಗೆ ಈ ಅವಕಾಶ ತಪ್ಪಿಹೋಗುತ್ತದೆ, ಇದು ಹೆಚ್ಚಿನ ಪಾಲಕರಿಗೆ ಹೊಳೆಯುವುದೂ ಇಲ್ಲ. ಶಿರಸಿಯ ಆಸ್ಪತ್ರೆಗೆ ಒಮ್ಮೆ ಹೋಗಿಬನ್ನಿ. ಮಳೆಗಾಲದಲ್ಲಿ ನೆಗಡಿಯಿಂದ ಕಿವಿ ಕಟ್ಟಿಕೊಂಡ ಮಗುವಿಗೆ ‘ತ’ ಮತ್ತು ‘ದ’ ಒಂದೇ ಥರ ಕೇಳಿಸಬಹುದು, ಮತ್ತು ಅದು ಹೊರಗೆ ಗಮನ ಕೊಡದ ಮಗುವಿನ ಹಾಗೆಯೇ ಕಾಣಿಸುತ್ತದೆ.

ಇನ್ನು ಮಗನ ವಿಚಾರ. ಆರು ವರ್ಷದ ಮಗು ಒಂದೇ ಕೆಲಸದ ಮೇಲೆ ಹತ್ತು ನಿಮಿಷ ಕುಳಿತರೆ ಅದು ಕಡಿಮೆಯಲ್ಲ. ಅಕ್ಕನ ಅಳತೆಯಿಂದ ಅವನನ್ನು ನೋಡುತ್ತಿರುವುದರಿಂದ ನಿಮಗೆ ಅದು ಕಡಿಮೆಯೆನಿಸುತ್ತಿದೆ. ನನ್ನ ಗಮನ ಹೋದದ್ದು ನಿಮ್ಮ ಪತ್ರದ ಇನ್ನೊಂದು ಮಾತಿನ ಕಡೆಗೆ: ಅಕ್ಷರಮಾಲೆಯನ್ನು ಪೂರ್ತಿ ಹೇಳುತ್ತಾನೆ, ಪದ ಓದುವುದಿಲ್ಲ. ಇದು ಶೈಲಿಯ ಸಮಸ್ಯೆಯಲ್ಲ, ಕಲಿಸಿದ ಕ್ರಮದ ಸಮಸ್ಯೆ. ಕನ್ನಡ ವರ್ಣಮಾಲೆಯ 49 ಅಕ್ಷರಗಳನ್ನು ಅ ಆ ಇ ಈ ಎಂದು ಸಾಲಾಗಿ ಬಾಯಿಪಾಠ ಮಾಡಿದ ಮಗುವಿಗೆ ಅದೊಂದು ಹಾಡು. ಹಾಡಿನ ನಡುವಿನಿಂದ ಒಂದು ಅಕ್ಷರವನ್ನು ಕಿತ್ತು ತೋರಿಸಿದರೆ, ಅದರ ಹೆಸರು ಹೇಳಲು ಮೊದಲಿನಿಂದ ಹಾಡಿಕೊಂಡು ಬರಬೇಕಾಗುತ್ತದೆ. ಇಂದು ಸಂಜೆಯೇ ಪರೀಕ್ಷಿಸಿ ನೋಡಿ: ಚೀಟಿಗಳಲ್ಲಿ ಹತ್ತು ಅಕ್ಷರ ಬರೆದು ಕಲಸಿ ಒಂದೊಂದಾಗಿ ತೋರಿಸಿ. ತುಟಿಯಲ್ಲಿ ಹಾಡಿಕೊಳ್ಳುತ್ತಿದ್ದರೆ ಉತ್ತರ ಸಿಕ್ಕಿತು.

ನಮ್ಮ ರಾಜ್ಯದ ನಲಿ-ಕಲಿ ಪದ್ಧತಿ ಇದಕ್ಕೊಂದು ಒಳ್ಳೆಯ ದಾರಿ ತೋರಿಸಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಕ್ರಮೇಣ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹಬ್ಬಿದ ಈ ಪದ್ಧತಿಯಲ್ಲಿ ಮಗು ಮೊದಲು ಕಲಿಯುವುದು ಅ ಆ ಅಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳು. ಬರೆಯಲು ಸುಲಭವಾದ, ಆಕಾರದಲ್ಲಿ ಒಂದಕ್ಕೊಂದು ಹತ್ತಿರವಾದ ಅಕ್ಷರಗಳು ಇವು ಎಂಬುದು ಒಂದು ಅನುಕೂಲ. ಅದಕ್ಕಿಂತ ದೊಡ್ಡದು, ಈ ಐದರಿಂದಲೇ ಪದಗಳು ಹುಟ್ಟುತ್ತವೆ ಎಂಬುದು: ಸರ, ರಸ, ದರ, ಅರಸ, ಅಗಸ, ಗರಗಸ. ಕಾಗುಣಿತ ಬೇಡ, ಒತ್ತಕ್ಷರ ಬೇಡ. ಎರಡನೇ ವಾರದಲ್ಲಿ ಮಗು ‘ಗರಗಸ’ ಎಂದು ಓದುತ್ತದೆ, ಓದಿದ್ದು ಏನೆಂದು ಅದಕ್ಕೆ ಗೊತ್ತಿರುತ್ತದೆ. ನಿಮ್ಮ ಮನೆಯ ಕೊಟ್ಟಿಗೆಯಲ್ಲಿ ಗರಗಸ ಇದ್ದರೆ ಅದರ ಹಿಡಿಗೆ ಚೀಟಿ ಅಂಟಿಸಿ. ಆಮೇಲೆ ಜ, ವ, ಮ, ಬ, ನ ಸೇರಿಸಿ. ‘ಮರ’, ‘ವನ’, ‘ಜನ’ ಬರುತ್ತವೆ. ಅವನು ಓಡಾಡುತ್ತಲೇ ಇರಲಿ, ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದಲೋ ಒಣಗಿದ ಅಡಿಕೆ ಹಾಳೆಯ ಮೇಲೆ ಸೀಮೆಸುಣ್ಣದಿಂದಲೋ ಬರೆಯಲಿ. ಆದರೆ ಬರೆಯುವಾಗ ಆ ಅಕ್ಷರದ ಧ್ವನಿಯನ್ನು ಬಾಯಲ್ಲಿ ಹೇಳುತ್ತಲೇ ಬರೆಯಬೇಕು, ಕಣ್ಣು ಅಕ್ಷರದ ಮೇಲಿರಬೇಕು. ಮಣ್ಣಿನಲ್ಲಿ ಆಡಿದ ಮಾತ್ರಕ್ಕೆ ಕಲಿಕೆಯಾಗುವುದಿಲ್ಲ. ಕೈ, ಕಣ್ಣು, ಕಿವಿ ಮೂರೂ ಒಂದೇ ಅಕ್ಷರದ ಮೇಲೆ ಒಂದೇ ಗಳಿಗೆಯಲ್ಲಿ ಕೂಡಿದಾಗ ಆಗುತ್ತದೆ. ಕಾಗುಣಿತಕ್ಕೆ ಅವಸರ ಬೇಡ. ಇಪ್ಪತ್ತು ಅಕ್ಷರಗಳು ಚೀಟಿಯಲ್ಲಿ ಎಲ್ಲಿ ತೋರಿಸಿದರೂ ತಡೆಯಿಲ್ಲದೆ ಬಂದಮೇಲೆ ಆ-ಕಾರದ ಗುಣಿತವೊಂದನ್ನೇ ತೆಗೆದುಕೊಂಡು ‘ರಾಗ’, ‘ಮಾವ’, ‘ದಾರ’ ಮಾಡಿಸಿ. ಒತ್ತಕ್ಷರ ಮುಂದಿನ ವರ್ಷಕ್ಕೆ ಹೋದರೂ ನಷ್ಟವಿಲ್ಲ.

ಭಾಷೆಯ ಮಾತೊಂದು ಇಲ್ಲಿ ಬರುತ್ತದೆ. ನಿಮ್ಮ ಮನೆಮಾತು ಹವ್ಯಕ ಕನ್ನಡವಾಗಿದ್ದರೆ, ಮಗ ದಿನವೂ ಕೇಳುವುದು ‘ಅಕ್ಕ ಬಂತು’ ಎಂದು. ಪುಸ್ತಕದಲ್ಲಿರುವುದು ‘ಅಕ್ಕ ಬಂದಳು’. ಪುಸ್ತಕದ ‘ಬಂದಳು’ ಅನ್ನು ಅವನು ‘ಬಂತು’ ಎಂದು ಓದಿದರೆ ಅದನ್ನು ಅಜಾಗರೂಕತೆಯೆಂದು ತಿದ್ದಬೇಡಿ. ಅರ್ಥ ಹಿಡಿದು ಓದುತ್ತಿರುವುದರಿಂದಲೇ ಅವನ ಬಾಯಿಗೆ ಮನೆಯ ಮಾತು ಬಂದಿದೆ. ‘ನಮ್ಮನೆಯಲ್ಲಿ ಹೀಗೆ ಹೇಳುತ್ತೇವೆ, ಪುಸ್ತಕದಲ್ಲಿ ಹೀಗೆ ಬರೆಯುತ್ತಾರೆ’ ಎಂದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದರೆ ಸಾಕು. ಕರಾವಳಿಯ ಕೊಂಕಣಿ ಮನೆಗಳ ಮಕ್ಕಳಿಗೂ, ಹಾಲಕ್ಕಿ ಸಮುದಾಯದ ಮಕ್ಕಳಿಗೂ ಇದೇ ಮಾತು ಸಲ್ಲುತ್ತದೆ. ಮನೆಮಾತನ್ನು ಪಾಠದಿಂದ ಹೊರಗಿಟ್ಟರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ, ಬಾಯಿ ಮುಚ್ಚಿದ ಮಗುವಿಗೆ ಓದು ಕಲಿಸುವುದು ತುಂಬ ಕಷ್ಟ.

ಮಗಳ ಬಗ್ಗೆ ನೀವು ಹೆಚ್ಚು ಬರೆದಿಲ್ಲ. ಸುಮ್ಮನೆ ಕುಳಿತು ಓದುವ ಮಗುವಿನ ಬಗ್ಗೆ ಪಾಲಕರಿಗೂ ಶಿಕ್ಷಕರಿಗೂ ಚಿಂತೆ ಬರುವುದಿಲ್ಲ, ಮತ್ತು ಇಂಥ ಮಕ್ಕಳ ತೊಡಕುಗಳು ತಡವಾಗಿ ಗೊತ್ತಾಗುವುದೂ ಇದರಿಂದಲೇ. ಅವಳು ಗಂಟೆಗಟ್ಟಲೆ ಓದುವ ಪುಸ್ತಕ ಯಾವ ಭಾಷೆಯದು? ಬೆಂಗಳೂರಿನ ಶಾಲೆಯಲ್ಲಿ ಇಂಗ್ಲಿಷ್ ಮೊದಲು ಬಂದಿದ್ದರೆ, ಅವಳ ಕನ್ನಡ ಓದು ಅದಕ್ಕಿಂತ ಎರಡು ವರ್ಷ ಹಿಂದಿರಬಹುದು. ವಾರಕ್ಕೆರಡು ಬಾರಿ, ಓದಿದ ಪುಸ್ತಕವನ್ನು ಮುಚ್ಚಿಸಿ, ಅದರಲ್ಲಿ ಏನಿತ್ತೆಂದು ನಿಮಗೆ ಹೇಳಲು ಬಿಡಿ. ಮಾರನೆಯ ದಿನವೂ, ನಾಲ್ಕು ದಿನ ಬಿಟ್ಟೂ ಅದನ್ನೇ ಕೇಳಿ. ಪುಟವನ್ನು ಮತ್ತೆ ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ನೆನಪಿನಿಂದ ತೆಗೆದು ಹೇಳುವುದರಿಂದಲೂ, ಅದನ್ನು ಒಂದೇ ದಿನಕ್ಕೆ ಸುರಿಯದೆ ದಿನಗಳ ಅಂತರದಲ್ಲಿ ಮಾಡುವುದರಿಂದಲೂ ಹೆಚ್ಚು ಉಳಿಯುತ್ತದೆ ಎಂಬುದು ಕಲಿಕೆಯ ಕುರಿತ ಸಂಶೋಧನೆಗಳಲ್ಲಿ ಅತ್ಯಂತ ಗಟ್ಟಿಯಾಗಿ ನಿಂತ ಮಾತುಗಳಲ್ಲಿ ಒಂದು. ಇದು ನೋಡುವ ಮಗು, ಮಾಡುವ ಮಗು ಎಂಬ ಭೇದವಿಲ್ಲದೆ ಎಲ್ಲರಿಗೂ ಅನ್ವಯಿಸುತ್ತದೆ.

ಇಬ್ಬರಿಗೂ ಒಂದೇ ಕೆಲಸ ಕೊಟ್ಟು, ಒಬ್ಬೊಬ್ಬರಿಂದ ಒಂದೊಂದು ಮಟ್ಟದ ಉತ್ತರ ಕೇಳುವುದು ನಿಮ್ಮ ಮನೆಯ ಪಾಠದ ಬೆನ್ನೆಲುಬಾಗಲಿ. ಒಂದು ಉದಾಹರಣೆಯನ್ನು ಪೂರ್ತಿಯಾಗಿ ಹೇಳುತ್ತೇನೆ. ಅಡಿಕೆ ಗಿಡಗಳ ನಡುವೆ ಸಾಮಾನ್ಯವಾಗಿ 9 ಅಡಿ, ಅಂದರೆ ಸುಮಾರು 2.7 ಮೀಟರ್ ಅಂತರ ಬಿಡುತ್ತಾರೆ. ಮಗಳನ್ನು ಕೇಳಿ: 9 ಅಡಿಗೊಂದರಂತೆ ಒಂದೇ ಸಾಲಿನಲ್ಲಿ 10 ಗಿಡಗಳಿದ್ದರೆ, ಮೊದಲ ಗಿಡದಿಂದ ಕೊನೆಯ ಗಿಡಕ್ಕೆ ಎಷ್ಟು ದೂರ? ಮಗ್ಗಿ ಬರುವ ಮಗು ತಡಮಾಡದೆ 90 ಎನ್ನುತ್ತದೆ. ತಪ್ಪು ಎಂದು ಹೇಳಬೇಡಿ. ಇಬ್ಬರನ್ನೂ ತೋಟಕ್ಕೆ ಕರೆದುಕೊಂಡು ಹೋಗಿ, ಮಗನ ಕೈಗೆ ಒಂದು ಹಿಡಿ ಅಡಿಕೆ ಕೊಟ್ಟು, ಪ್ರತಿ ಎರಡು ಗಿಡಗಳ ನಡುವಿನ ಜಾಗದಲ್ಲಿ ಒಂದೊಂದು ಅಡಿಕೆ ಇಡುತ್ತಾ ಹೋಗಲು ಹೇಳಿ. ಹತ್ತನೇ ಗಿಡ ತಲುಪಿದಾಗ ಇಟ್ಟ ಅಡಿಕೆಯನ್ನು ಆರಿಸಿ ಎಣಿಸಲಿ. ಒಂಬತ್ತೇ ಇರುತ್ತದೆ! ಗಿಡ ಹತ್ತು, ನಡುವಿನ ಜಾಗ ಒಂಬತ್ತು. ದೂರ 81 ಅಡಿ. ಮನೆಗೆ ಬಂದ ಮೇಲೆ ಮಗಳು ಇದನ್ನು ಚಿತ್ರವಾಗಿ ಬರೆಯಲಿ, 2 ಗಿಡಕ್ಕೆಷ್ಟು ಜಾಗ, 3 ಗಿಡಕ್ಕೆಷ್ಟು, 20 ಗಿಡಕ್ಕೆಷ್ಟು ಎಂದು ಕೋಷ್ಟಕ ಮಾಡಲಿ. ಮಗ ಆ ಅಡಿಕೆಗಳ ಜೊತೆಗೆ ಇನ್ನಷ್ಟನ್ನು ಸೇರಿಸಿಕೊಂಡು ತೆಂಗಿನ ಕರಟದಲ್ಲಿ ಹತ್ತು ಹತ್ತಾಗಿ ತುಂಬಲಿ: ಮೂರು ಕರಟ, ಬಿಡಿಯಾಗಿ ನಾಲ್ಕು ಎಂದರೆ 34. ಒಂದು ಮಧ್ಯಾಹ್ನದಲ್ಲಿ ಅವಳಿಗೆ ಗುಣಾಕಾರ, ಅವನಿಗೆ ಹತ್ತರ ಸ್ಥಾನ ಸಿಕ್ಕಿತು. ಪ್ರಶ್ನಾವಳಿ ‘ನೋಡುವವಳು’ ಎಂದ ಮಗಳಿಗೆ ನಡೆದು ನೋಡುವುದು ಅಗತ್ಯವಾಗಿತ್ತು ಎಂಬುದನ್ನೂ, ‘ಮಾಡುವವನು’ ಎಂದ ಮಗ ಕೊನೆಗೆ ಅಂಕಿಯನ್ನು ಕಾಗದದ ಮೇಲೆ ಬರೆಯಲೇಬೇಕು ಎಂಬುದನ್ನೂ ಗಮನಿಸಿ. ಅಡಿಕೆ ಕೈಯಲ್ಲೇ ಉಳಿದರೆ ಲೆಕ್ಕ ಬರುವುದಿಲ್ಲ.

ದಿನಚರಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮಗನಿಗೆ ಬೆಳಿಗ್ಗೆ ಹತ್ತು-ಹನ್ನೆರಡು ನಿಮಿಷಗಳ ಮೂರು ಕೂರುವಿಕೆಗಳು, ನಡುವೆ ಹೊರಗೆ ಓಡಾಟ; ಮಗಳಿಗೆ ಅರ್ಧ ಗಂಟೆಯ ಎರಡು. ಅವನ ಸರದಿಯಲ್ಲಿ ನೀವು ಅವನ ಪಕ್ಕದಲ್ಲೇ ಇರಬೇಕು, ಅಡುಗೆಮನೆಯಿಂದ ಕೂಗಿ ಹೇಳಿದರೆ ಆಗುವುದಿಲ್ಲ. ಅಕ್ಕ ತಮ್ಮನಿಗೆ ಕತೆ ಓದಿ ಹೇಳಲಿ, ಇಬ್ಬರಿಗೂ ಒಳ್ಳೆಯದು. ಆದರೆ ಅವನ ಬರಹ ತಿದ್ದುವ ಕೆಲಸವನ್ನು ಅವಳಿಗೆ ಕೊಡಬೇಡಿ. ಮಳೆಗಾಲದಲ್ಲಿ ವಾರಗಟ್ಟಲೆ ಅಂಗಳಕ್ಕಿಳಿಯಲು ಆಗದ ನಿಮ್ಮ ಸೀಮೆಯಲ್ಲಿ ಓಡಾಟಕ್ಕೆ ಅಡಿಕೆ ಅಟ್ಟವನ್ನೋ ಉದ್ದದ ಜಗಲಿಯನ್ನೋ ಈಗಲೇ ತೆರವು ಮಾಡಿಟ್ಟುಕೊಳ್ಳಿ. ಪುಸ್ತಕಗಳಿಗೆ ಖರ್ಚಿಲ್ಲ: ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ರಾಜ್ಯದ ಪಠ್ಯಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಊರಿನ ಶಾಲೆಯ ಶಿಕ್ಷಕರನ್ನು ಪರಿಚಯ ಮಾಡಿಕೊಂಡರೆ ನಲಿ-ಕಲಿಯ ಕಾರ್ಡುಗಳನ್ನೂ, ಕಲಿಯಬೇಕಾದದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿಯನ್ನೂ ನೋಡಬಹುದು. ಭಿನ್ನ ಮಟ್ಟದ ಮಕ್ಕಳು ಒಂದೇ ಕೋಣೆಯಲ್ಲಿ ತಮ್ಮ ತಮ್ಮ ಮೆಟ್ಟಿಲಿನಿಂದ ಮುಂದುವರಿಯುವುದು ಹೇಗೆಂದು ಅಷ್ಟು ಸರಳವಾಗಿ ತೋರಿಸುವ ಸಾಮಗ್ರಿ ಅಂಗಡಿಯಲ್ಲಿ ನಿಮಗೆ ಸಿಗಲಾರದು.

ಶಾಲೆಗೆ ಸೇರಿಸುವ ಪ್ರಶ್ನೆಗೆ ಬರುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎಂದು ಅದರ 10ನೇ ಕಲಂ ಹೇಳುತ್ತದೆ. ಮನೆಯಲ್ಲಿ ಕಲಿಸುವುದರ ಪ್ರಸ್ತಾಪ ಕಾಯ್ದೆಯಲ್ಲಿಲ್ಲ, ಪಾಲಕರಿಗೆ ದಂಡ ವಿಧಿಸುವ ಕಲಮೂ ಇಲ್ಲ. ನಿಮಗೆ ಉಪಯೋಗಕ್ಕೆ ಬರುವುದು 4ನೇ ಕಲಂ: ಶಾಲೆಯ ಹೊರಗಿದ್ದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು. ವರ್ಷದ ನಡುವೆ ಹೋದರೂ ಪ್ರವೇಶ ನಿರಾಕರಿಸುವಂತಿಲ್ಲ. ಶಾಲೆಗೆ ಹೋಗದೆಯೇ ಮುಂದುವರಿಯುವ ಯೋಚನೆಯಿದ್ದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಭೂತ ಶಿಕ್ಷಣದ ಎ, ಬಿ, ಸಿ ಹಂತಗಳು ಕ್ರಮವಾಗಿ 3, 5 ಮತ್ತು 8ನೇ ತರಗತಿಗೆ ಸಮ. ಅದರ ಹತ್ತನೇ ತರಗತಿಗೆ ಕನಿಷ್ಠ 14 ವರ್ಷ ಆಗಿರಬೇಕು. ಮಗಳು ಬೆಂಗಳೂರಿನಲ್ಲಿ ಓದಿದ ಶಾಲೆಯ ವರ್ಗಾವಣೆ ಪ್ರಮಾಣಪತ್ರವನ್ನು ಇನ್ನೂ ತಂದಿಲ್ಲವಾದರೆ ಈಗಲೇ ತರಿಸಿಕೊಳ್ಳಿ.

ಕೊನೆಯದಾಗಿ, ಶೈಲಿಯೂ ಅಲ್ಲದ, ಕ್ರಮದ ದೋಷವೂ ಅಲ್ಲದ ಒಂದು ಸಾಧ್ಯತೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಕೆಲವು ಮಕ್ಕಳಿಗೆ ಓದು, ಬರಹ ಅಥವಾ ಲೆಕ್ಕದಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಇರುತ್ತದೆ; 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಇದಕ್ಕೆ ಸ್ಥಾನವಿದೆ. ಇದನ್ನು ಮೂರನೇ ತರಗತಿ ಅಥವಾ ಎಂಟು ವರ್ಷದ ಹೊತ್ತಿಗೆ ಪರಿಶೀಲಿಸುವುದು ವಾಡಿಕೆ, ಆದ್ದರಿಂದ ಆರು ವರ್ಷದ ನಿಮ್ಮ ಮಗನಿಗೆ ಈಗಲೇ ಆ ಹೆಸರನ್ನೂ ಅಂಟಿಸಬಾರದು. ಮೇಲೆ ಹೇಳಿದ ಕ್ರಮದಲ್ಲಿ ಒಂದು ವರ್ಷ ಬಿಡದೆ ಕಲಿಸಿದ ಮೇಲೂ ‘ಮರ’ದಂತಹ ಪದದಲ್ಲಿ ಮೊದಲ ಧ್ವನಿ ಯಾವುದೆಂದು ಹೇಳಲು ಅವನು ಒದ್ದಾಡುತ್ತಿದ್ದರೆ, ಅಥವಾ ನಿನ್ನೆ ಓದಿದ ಅದೇ ಪದ ಇಂದು ಪೂರ್ತಿ ಹೊಸದಾಗಿ ಕಾಣುತ್ತಿದ್ದರೆ, ಬೆಂಗಳೂರಿನ ನಿಮ್ಹಾನ್ಸ್ ಅಥವಾ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿ. ಅಲ್ಲಿ ಮೊದಲು ಕೇಳುವುದು ಮಗು ಈವರೆಗೆ ಏನೇನು ಕಲಿತಿದೆ, ಎಲ್ಲಿ ನಿಂತಿದೆ ಎಂದು. ಅದಕ್ಕೆ ಈ ವಾರದಿಂದಲೇ ಒಂದು ನೋಟ್‌ಬುಕ್ ಇಡಿ: ತಿಂಗಳಿಗೊಂದು ಪುಟ, ಮೇಲೆ ದಿನಾಂಕ, ಕೆಳಗೆ ಅವನು ಸ್ವತಃ ಬರೆದ ಐದು ಪದ, ನೀವು ತಿದ್ದದೆ ಹಾಗೆಯೇ ಬಿಟ್ಟದ್ದು.